ಬಾಯಲ್ಲಿ ಸಿಗುವ ಶಿಲೀಂಧ್ರದ ಸುಳಿವು: ಟಾರ್ಚ್ ಹಿಡಿಯುವುದರಿಂದ ಬಯಾಪ್ಸಿ ಕಳಿಸುವವರೆಗೆ

ಮೇಲ್ದವಡೆಯ ಒಂದೇ ಬದಿಯ ಮೂರ್ನಾಲ್ಕು ಹಲ್ಲುಗಳು ಹತ್ತು ದಿನದೊಳಗೆ ಅಲುಗಾಡತೊಡಗುತ್ತವೆ. ಹುಳುಕಿಲ್ಲ, ಒಸಡಿನ ಹಳೆಯ ಕಾಯಿಲೆಯಿಲ್ಲ, ಪೆಟ್ಟು ಬಿದ್ದದ್ದೂ ಇಲ್ಲ. ಹೆಚ್ಚು ಅಲುಗುವ ಹಲ್ಲನ್ನು ಕೀಳುತ್ತಾರೆ. ಕಿತ್ತ ಗುಳಿ ಮಾಯುವುದಿಲ್ಲ. ಆ್ಯಂಟಿಬಯಾಟಿಕ್ ಬದಲಾಗುತ್ತದೆ, ಪಕ್ಕದ ಹಲ್ಲೂ ಹೋಗುತ್ತದೆ. ಅಂಗುಳ ಕಪ್ಪಾದ ಮೇಲಷ್ಟೇ ಶಿಲೀಂಧ್ರದ ನೆನಪು. ಅಷ್ಟರಲ್ಲಿ ಸೋಂಕು ಕಣ್ಣಿನ ಗೂಡಿನ ಹತ್ತಿರ ಹೋಗಿರುತ್ತದೆ.

ಈ ಸರಣಿಯಲ್ಲಿ ತಪ್ಪಿದ್ದು ಔಷಧವಲ್ಲ, ನೋಟ. ಬಾಯಲ್ಲಿ ಕಂಡದ್ದನ್ನೆಲ್ಲ ಬಾಯಿಯ ಕಾಯಿಲೆಯೆಂದೇ ಓದಿದ್ದು. ದೇಹದೊಳಗಿನ ಶಿಲೀಂಧ್ರ ಸೋಂಕು ಬಾಯಿಗೆ ಬರುವ ದಾರಿ ಮೂರು. ಒಂದು, ಉಸಿರಿನ ಜೊತೆ ಶ್ವಾಸಕೋಶ ಸೇರಿದ ಬೀಜಕಣ ರಕ್ತದ ಮೂಲಕ ಬಾಯಿಗೆ ಹರಡುವುದು. ಹಿಸ್ಟೋಪ್ಲಾಸ್ಮಾ, ಪ್ಯಾರಾಕಾಕ್ಸಿಡಿಯಾಯ್ಡಿಸ್, ಬ್ಲಾಸ್ಟೋಮೈಸಿಸ್, ಕ್ರಿಪ್ಟೋಕಾಕಸ್, ಟ್ಯಾಲರೋಮೈಸಿಸ್ ಇವೆಲ್ಲ ಈ ಗುಂಪು. ಎರಡು, ಮೂಗು ಮತ್ತು ಸೈನಸ್‌ನಲ್ಲಿ (ಮುಖದ ಮೂಳೆಯೊಳಗಿನ ಗಾಳಿಗೂಡು) ಬೇರೂರಿ ಮೂಳೆ ಕೊರೆದು ಅಂಗುಳಕ್ಕೆ ಇಳಿಯುವುದು. ಮ್ಯೂಕರ್ ಜಾತಿಯವು (ಜನರ ಮಾತಿನ ಕಪ್ಪು ಶಿಲೀಂಧ್ರ) ಮತ್ತು ಆಸ್ಪರ್ಜಿಲಸ್ ಹೀಗೆ ಮಾಡುತ್ತವೆ. ಮೂರು, ಹಲವರ ಬಾಯಲ್ಲೇ ಸದಾ ಇರುವ ಕ್ಯಾಂಡಿಡಾ ಅವಕಾಶ ನೋಡಿ ಬೆಳೆಯುವುದು. ಮೂರನೆಯದು ಬಹುಮಟ್ಟಿಗೆ ಮೇಲ್ಪದರದ ಸೋಂಕೇ ಆದರೂ, ಅದಕ್ಕೆ ಅವಕಾಶ ಕೊಟ್ಟದ್ದೇನು ಎಂಬ ಪ್ರಶ್ನೆ ಇಡೀ ದೇಹಕ್ಕೆ ಸಂಬಂಧಿಸಿದ್ದು.

ಕೆಳಗಿನ ಹಂತಗಳಲ್ಲಿ ಮೊದಲ ಎರಡನ್ನು ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರೂ ಮಾಡಬಹುದು. ಉಳಿದದ್ದು ದಂತವೈದ್ಯರು, ಇಎನ್‌ಟಿ ತಜ್ಞರು ಮತ್ತು ವಾರ್ಡಿನಲ್ಲಿರುವ ಕಿರಿಯ ವೈದ್ಯರಿಗೆ.

ಮೊದಲ ಹಂತ: ಬಾಯಿ ತೆರೆಸುವ ಮೊದಲು ಕೇಳಬೇಕಾದದ್ದು

ಪ್ರಶ್ನೆಗಳಿಗೆ ಐದು ನಿಮಿಷ ಸಾಕು, ಆದರೆ ಕಾಯಿಲೆಯ ಅರ್ಧ ಗುರುತು ಇಲ್ಲೇ ಸಿಗುತ್ತದೆ. ಸಕ್ಕರೆ ಕಾಯಿಲೆ ಇದೆಯೇ ಎಂದಷ್ಟೇ ಕೇಳಿ ಬಿಡಬೇಡಿ. ಕಳೆದ ಎರಡು ವಾರದ ಸಕ್ಕರೆ ಮಟ್ಟ ಎಷ್ಟು, ಇನ್ಸುಲಿನ್ ತಪ್ಪಿದೆಯೇ, ವಾಂತಿ ಅಥವಾ ಏದುಸಿರು ಇತ್ತೇ ಎಂದು ಕೇಳಿ. ರಕ್ತ ಆಮ್ಲೀಯವಾದಾಗ ಪ್ರೊಟೀನಿಗೆ ಅಂಟಿಕೊಂಡಿರುವ ಕಬ್ಬಿಣ ಬಿಡುಗಡೆಯಾಗುತ್ತದೆ, ಮ್ಯೂಕರ್ ಬೆಳೆಯುವುದು ಆ ಕಬ್ಬಿಣದ ಮೇಲೆ. ಎಸ್‌ಜಿಎಲ್‌ಟಿ2 ಗುಂಪಿನ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೆಚ್ಚೇನೂ ಏರದೆಯೂ ರಕ್ತವನ್ನು ಆಮ್ಲೀಯವಾಗಿಸುವ ಕೀಟೋನ್ ಏರಬಲ್ಲದು. ಹಾಗಾಗಿ ಗ್ಲೂಕೋಮೀಟರ್ ಅಂಕಿ ನೋಡಿ ಸಮಾಧಾನಪಡುವಂತಿಲ್ಲ.

ಸ್ಟೀರಾಯ್ಡ್ ಬಗ್ಗೆ ಕೇಳುವಾಗ ಹೆಸರು, ಪ್ರಮಾಣ, ಎಷ್ಟು ದಿನ ಎಂಬ ಮೂರನ್ನೂ ಬರೆದುಕೊಳ್ಳಿ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ವಾರಗಟ್ಟಲೆ ಹೋಗಿದ್ದರೆ ಅದು ಗಂಭೀರ ಮಾಹಿತಿ. ಕೀಲುನೋವಿಗೋ ಉಬ್ಬಸಕ್ಕೋ ಅಂಗಡಿಯಿಂದ ತಂದು ನುಂಗಿದ, ಹೆಸರು ಗೊತ್ತಿಲ್ಲದ ಮಾತ್ರೆಯಿದ್ದರೆ ಅದರ ಪಟ್ಟಿಯನ್ನೇ ತರಿಸಿ ನೋಡಿ. ಕೀಮೋಥೆರಪಿ, ಅಂಗಾಂಗ ಕಸಿ, ಎಚ್‌ಐವಿ, ಸಂಧಿವಾತ ಅಥವಾ ಕರುಳಿನ ಉರಿಯೂತಕ್ಕೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಬಯಾಲಜಿಕ್ ಚುಚ್ಚುಮದ್ದು, ಕಬ್ಬಿಣ ಹೊರಹಾಕಲು ಕೊಡುವ ಡಿಫೆರಾಕ್ಸಮಿನ್ ಇವನ್ನೂ ಕೇಳಿ. ಡಿಫೆರಾಕ್ಸಮಿನ್ ಕಬ್ಬಿಣವನ್ನು ದೇಹದಿಂದ ಹೊರಗೆ ಕಳಿಸುವ ಔಷಧವೇ, ಆದರೆ ಮ್ಯೂಕರ್ ಜಾತಿಯ ಶಿಲೀಂಧ್ರಕ್ಕೆ ಅದೇ ಕಬ್ಬಿಣವನ್ನು ತಂದುಕೊಡುವ ಆಳಾಗುತ್ತದೆ.

ಆಮೇಲೆ ಊರು ಮತ್ತು ಕಸುಬು. ಬಾವಲಿಗಳಿರುವ ಗುಹೆ, ಹಕ್ಕಿ ಹಿಕ್ಕೆ ಕೂತ ಹಳೆಯ ಕಟ್ಟಡ, ಕೋಳಿಗೂಡಿನ ಮಣ್ಣು ಇವು ಹಿಸ್ಟೋಪ್ಲಾಸ್ಮಾದ ನೆಲೆ. ಅಮೆರಿಕದ ಓಹಿಯೋ ಮತ್ತು ಮಿಸಿಸಿಪಿ ನದಿ ಕಣಿವೆಗಳು ಇದಕ್ಕೆ ಹೆಸರಾದರೂ ಇದು ಅಲ್ಲಿಗೇ ಸೀಮಿತವಲ್ಲ, ಗಂಗಾ ಬಯಲಿನಲ್ಲೂ ಇದೆ. ಪ್ಯಾರಾಕಾಕ್ಸಿಡಿಯಾಯ್ಡಿಸ್ ಲ್ಯಾಟಿನ್ ಅಮೆರಿಕದ್ದು, ಅದರಲ್ಲೂ ಬ್ರೆಜಿಲ್‌ನದ್ದು. ಟ್ಯಾಲರೋಮೈಸಿಸ್ ಮಾರ್ನೆಫಿ ಆಗ್ನೇಯ ಏಷ್ಯಾ, ದಕ್ಷಿಣ ಚೀನಾ ಮತ್ತು ಮಣಿಪುರದ ಕಡೆಯದು. ಎಂದೋ ಅಲ್ಲಿದ್ದು ಬಂದವರಾದರೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಈ ಶಿಲೀಂಧ್ರಗಳು ವರ್ಷಗಟ್ಟಲೆ ಸುಮ್ಮನಿದ್ದು, ದೇಹದ ಶಕ್ತಿ ಕುಂದಿದಾಗ ಏಳುತ್ತವೆ. ಕೊನೆಗೆ ತೂಕ ಇಳಿದಿದೆಯೇ, ಬಿಟ್ಟುಬಿಟ್ಟು ಜ್ವರವಿದೆಯೇ, ಹಳೆಯ ಕೆಮ್ಮಿದೆಯೇ ಎಂದು ಕೇಳಿ.

ಎರಡನೇ ಹಂತ: ನೋಡುವುದು, ಒರೆಸುವುದು, ಮುಟ್ಟುವುದು

ಬೇಕಾದ ಸಾಮಾನು ಕಡಿಮೆ: ಬಿಳಿ ಬೆಳಕಿನ ಟಾರ್ಚ್, ಕೈಗವಸು, ಒಣ ಗಾಜ್ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ತುಂಡು, ಎಳೆದು ಮೊನೆ ಮಾಡಿದ ಹತ್ತಿ, ಎರಡು ದಂತಕನ್ನಡಿ. ಹಳದಿ ಬೆಳಕಿನ ಟಾರ್ಚಿನಲ್ಲಿ ಪೇಲವ ಅಂಗುಳವೂ ಆರೋಗ್ಯವಾಗಿ ಕಾಣುತ್ತದೆ, ಅದು ಬೇಡ. ಕೃತಕ ಹಲ್ಲಿನ ಸೆಟ್ಟಿದ್ದರೆ ತೆಗೆಸಿ. ತೆಗೆಸದೆ ನೋಡಿದ ಅಂಗುಳ ನೋಡದ ಅಂಗುಳವೇ ಸರಿ.

ತುಟಿಯ ಮೂಲೆಗಳಿಂದ ಶುರುಮಾಡಿ. ಕೆನ್ನೆಯ ಒಳಗೋಡೆ, ಮೇಲಿನ ಮತ್ತು ಕೆಳಗಿನ ಒಸಡು, ನಾಲಿಗೆಯ ಮೇಲ್ಭಾಗ ನೋಡಿ. ನಾಲಿಗೆಯನ್ನು ಗಾಜ್‌ನಲ್ಲಿ ಹಿಡಿದು ಎಳೆದು ಎರಡೂ ಅಂಚು, ನಾಲಿಗೆಯ ಅಡಿ, ಗಟ್ಟಿ ಅಂಗುಳ, ಮೆದು ಅಂಗುಳ, ಗಂಟಲು ಹೀಗೆ ಪ್ರತಿಸಲವೂ ಒಂದೇ ಕ್ರಮದಲ್ಲಿ ಸಾಗಿ. ಕ್ರಮ ತಪ್ಪಿದರೆ ತಪ್ಪಿಹೋಗುವುದು ಮೇಲಿನ ದವಡೆಹಲ್ಲಿನ ಹಿಂದಿನ ಮೂಲೆ. ಸೈನಸ್‌ನಿಂದ ಇಳಿಯುವ ಸೋಂಕು ಅಲ್ಲೂ ಕಾಣಿಸಿಕೊಳ್ಳಬಹುದು.

ಬಿಳಿ ಮಚ್ಚೆ ಕಂಡರೆ ಗಾಜ್‌ನಿಂದ ಒತ್ತಿ ಒರೆಸಿ. ಮೊಸರಿನ ಹೆಪ್ಪಿನಂತೆ ಎದ್ದುಬಂದು ಕೆಳಗೆ ಕೆಂಪು ಮೈ, ಒಂದೆರಡು ಹನಿ ರಕ್ತ ಕಂಡರೆ ಅದು ಬಹುತೇಕ ಕ್ಯಾಂಡಿಡಾ. ಒರೆಸಿದರೂ ಹೋಗದ ಬಿಳಿಯನ್ನು ಔಷಧ ಕೊಟ್ಟು ಕಾಯುವ ಸಾಲಿಗೆ ಸೇರಿಸಬೇಡಿ. ಅದು ದೀರ್ಘಕಾಲದ ಕ್ಯಾಂಡಿಡಾ ಇರಬಹುದು, ಕ್ಯಾನ್ಸರಿಗೆ ಮುಂಚಿನ ಹಂತವೂ ಇರಬಹುದು. ಬಯಾಪ್ಸಿಯೇ (ತುಂಡು ತೆಗೆದು ಪರೀಕ್ಷಿಸುವುದು) ಅದರ ಉತ್ತರ.

ಹುಣ್ಣಿದ್ದರೆ ಅದರ ಅಂಚನ್ನು ಎರಡು ಬೆರಳ ನಡುವೆ ಹಿಡಿದು ನೋಡಿ. ಮೆದುವೇ, ರಬ್ಬರಿನಂತೆ ಗಟ್ಟಿಯೇ, ಅಂಚು ಸುರುಳಿ ಸುತ್ತಿದಂತೆ ಎದ್ದಿದೆಯೇ, ತಳ ಹರಳುಹರಳಾಗಿದೆಯೇ? ಪಕ್ಕದಲ್ಲಿ ಮಿಲಿಮೀಟರ್ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ವಾರದ ನಂತರ "ಸ್ವಲ್ಪ ದೊಡ್ಡದಾಗಿರಬಹುದೇನೋ" ಎಂಬ ಊಹೆಯ ಮಾತು ಆಗ ಬೇಕಾಗುವುದಿಲ್ಲ.

ಸ್ಪರ್ಶ ಪರೀಕ್ಷೆಯನ್ನು ಬಹಳಷ್ಟು ಮಂದಿ ಬಿಟ್ಟುಬಿಡುತ್ತಾರೆ. ಈ ಇಡೀ ಲೇಖನದಲ್ಲಿ ಒಂದೇ ಅಭ್ಯಾಸ ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಿ. ರೋಗಿ ಕಣ್ಣು ಮುಚ್ಚಿರಲಿ. ಹತ್ತಿಯ ಮೊನೆಯಿಂದ ಕಣ್ಣಿನ ಕೆಳಗಿನ ಕೆನ್ನೆ, ಮೂಗಿನ ಪಕ್ಕ, ಮೇಲ್ದುಟಿ ಮುಟ್ಟಿ, ಬಲ ಎಡ ಒಂದೇ ರೀತಿ ಗೊತ್ತಾಗುತ್ತಿದೆಯೇ ಕೇಳಿ. ದಂತಕನ್ನಡಿಯ ಮೊಂಡು ಹಿಡಿಯಿಂದ ಅಂಗುಳದ ಎರಡೂ ಬದಿ ಹಾಗೆಯೇ ಮುಟ್ಟಿ. ಒಂದು ಬದಿ ಜೋಮು ಹಿಡಿದಂತಿದ್ದರೆ, ಬಣ್ಣ ಎಷ್ಟೇ ಚೆನ್ನಾಗಿರಲಿ, ಅದು ಅಪಾಯದ ಗುರುತು. ಮ್ಯೂಕರ್ ಮೊದಲು ರಕ್ತನಾಳವನ್ನೂ ನರವನ್ನೂ ಹಿಡಿಯುತ್ತದೆ. ಅಂಗಾಂಶ ಸತ್ತು ಕಪ್ಪಾಗುವುದು ಆಮೇಲಿನ ಮಾತು.

ಹಲ್ಲಿನ ಅಲುಗಾಟವನ್ನು ಬೆರಳಿನಿಂದಲ್ಲ, ಎರಡು ಉಪಕರಣಗಳ ಹಿಡಿಗಳ ನಡುವೆ ಹಿಡಿದು ನೋಡಿ. ಬೆರಳಿನ ಮಾಂಸವೇ ಅಲುಗಿ ಮೋಸಮಾಡುತ್ತದೆ. ಒಂದೇ ಸಾಲಿನ ಹಲ್ಲುಗಳು ಗುಂಪಾಗಿ ಅಲುಗುವುದು, ಅವುಗಳ ಒಸಡಿನಲ್ಲಿ ಕೀವು ಒಸರುವ ಸಣ್ಣ ತೂತುಗಳು ಸಾಲಾಗಿ ಏಳುವುದು, ಹುಳುಕಿಲ್ಲದ ಹಲ್ಲುಗಳು ತಣ್ಣನೆಯ ಪರೀಕ್ಷೆಗೆ ಸ್ಪಂದಿಸದಿರುವುದು ಇವು ಮೂರೂ ಸೇರಿದರೆ ತೊಂದರೆ ಹಲ್ಲಿನದಲ್ಲ, ಹಲ್ಲು ನಿಂತ ಮೂಳೆಯದು. ಕೊನೆಗೆ ಮೂಗಿನ ಹೊಳ್ಳೆಯಲ್ಲಿ ಕಪ್ಪು ಹಕ್ಕಳೆ ಅಥವಾ ರಕ್ತ ಬೆರೆತ ಸ್ರಾವ, ರೆಪ್ಪೆಯ ಊತ, ಒಂದು ಎರಡಾಗಿ ಕಾಣುವುದು, ಕುತ್ತಿಗೆಯ ಗಂಟುಗಳನ್ನು ನೋಡಿ.

ಕಂಡದ್ದನ್ನು ಓದುವುದು

ಬಿಳಿ ಹೆಪ್ಪು ಹಸುಗೂಸಿನಲ್ಲಿ, ಆ್ಯಂಟಿಬಯಾಟಿಕ್ ಮುಗಿಸಿದವರಲ್ಲಿ, ಉಬ್ಬಸದ ಇನ್ಹೇಲರ್ ಎಳೆದು ಬಾಯಿ ಮುಕ್ಕಳಿಸದವರಲ್ಲಿ ಬಂದರೆ ಹೆಚ್ಚು ಚಿಂತೆ ಬೇಡ. ಇಂಥ ಯಾವ ಕಾರಣವೂ ಇಲ್ಲದ ವಯಸ್ಕರಲ್ಲಿ ಬಂದರೆ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಲೇಬೇಕು. ಎಚ್‌ಐವಿ ಇದ್ದು ಸಿಡಿ4 ಎಂಬ ರೋಗನಿರೋಧಕ ಕಣಗಳು ಪ್ರತಿ ಮೈಕ್ರೋಲೀಟರಿಗೆ 200ಕ್ಕಿಂತ ಕೆಳಗಿಳಿದವರಲ್ಲಿ ಇದು ಸಾಮಾನ್ಯ ದೃಶ್ಯ. ಬಾಯಲ್ಲಿ ಹೆಪ್ಪಿದ್ದು ನುಂಗುವಾಗ ಎದೆಮೂಳೆಯ ಹಿಂದೆ ನೋವಿದ್ದರೆ ಸೋಂಕು ಅನ್ನನಾಳಕ್ಕೆ ಇಳಿದಿದೆಯೆಂದು ತಿಳಿಯಿರಿ. ಬಾಯಿಗಷ್ಟೇ ಹಚ್ಚುವ ಔಷಧದಿಂದ ಅದು ಹೋಗದು.

ಕ್ಯಾಂಡಿಡಾ ಯಾವಾಗಲೂ ಬಿಳಿಯಾಗಿರಬೇಕೆಂದಿಲ್ಲ. ಸೆಟ್ಟಿನ ಕೆಳಗೆ ಅದರ ಅಚ್ಚಿನಷ್ಟೇ ಜಾಗ ಕೆಂಪಾಗಿರುವುದು, ತುಟಿಯ ಮೂಲೆ ಒಡೆಯುವುದು, ನಾಲಿಗೆಯ ನಡುವೆ ಮೊಗ್ಗು ಉದುರಿ ನುಣ್ಣಗಾಗುವುದು ಇವೂ ಅದೇ.

ನಿಧಾನವಾಗಿ ಬೆಳೆಯುವ ಹುಣ್ಣಿನ ಕಥೆ ಇನ್ನೂ ಜಟಿಲ. ಹಿಸ್ಟೋಪ್ಲಾಸ್ಮಾದ ಹುಣ್ಣು ನಾಲಿಗೆ, ಅಂಗುಳ, ಒಸಡು, ಕೆನ್ನೆ ಎಲ್ಲಾದರೂ ಬರಬಹುದು. ಅಂಚು ಎದ್ದು ಸುರುಳಿ ಸುತ್ತಿರುತ್ತದೆ, ಮುಟ್ಟಿದರೆ ಗಟ್ಟಿ, ಸಾಮಾನ್ಯವಾಗಿ ನೋವೂ ಇರುತ್ತದೆ. ಕಣ್ಣಿಗೆ ಇದು ಕ್ಯಾನ್ಸರಿನಂತೆ. ಸೂಕ್ಷ್ಮದರ್ಶಕದಲ್ಲಿ ಅವಸರದಿಂದ ನೋಡಿದರೆ ಗ್ರ್ಯಾನುಲೋಮ (ರಕ್ಷಣಾ ಕಣಗಳು ಕಟ್ಟಿದ ಗಂಟು) ಕಂಡು ಕ್ಷಯದಂತೆ. ಹೀಗಾಗಿ ಒಬ್ಬರು ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಾರೆ, ಇನ್ನೊಬ್ಬರು ಕ್ಷಯದ ಮಾತ್ರೆ ಶುರುಮಾಡುತ್ತಾರೆ. ಮೂರನೆಯವರು ಬಾಯಿಹುಣ್ಣೆಂದು ಟ್ರಯಾಮ್ಸಿನೊಲೋನ್ ಪೇಸ್ಟ್ ಹಚ್ಚಿಸುತ್ತಾರೆ. ಆ ಪೇಸ್ಟ್ ಸ್ಟೀರಾಯ್ಡ್ ಆದ್ದರಿಂದ ಎರಡು ದಿನ ನೋವು ಇಳಿದು ಎಲ್ಲರಿಗೂ ಸಮಾಧಾನವಾಗುತ್ತದೆ, ಶಿಲೀಂಧ್ರಕ್ಕೂ. ಹಿಸ್ಟೋಪ್ಲಾಸ್ಮಾದ ಬಾಯಿಹುಣ್ಣು ಬಹುತೇಕ ದೇಹದಲ್ಲಿ ಹರಡಿದ ರೋಗದ ಗುರುತು. ಕೆಲವರಲ್ಲಿ ಅದೇ ಮೊದಲ ಗುರುತು, ಎದೆಯ ಎಕ್ಸ್‌ರೇ ಸ್ವಚ್ಛವಾಗಿರುವಾಗಲೂ. ಎರಡು ವಾರ ದಾಟಿದ ಯಾವ ಹುಣ್ಣಿಗೂ ಬಯಾಪ್ಸಿ ಮಾಡಿ ಎನ್ನುವ ಹಳೆಯ ನಿಯಮ ಇಲ್ಲಿ ಕ್ಯಾನ್ಸರಿಗಷ್ಟೇ ಅಲ್ಲ, ಶಿಲೀಂಧ್ರಕ್ಕೂ ಸಲ್ಲುತ್ತದೆ.

ಪ್ಯಾರಾಕಾಕ್ಸಿಡಿಯಾಯ್ಡಿಸ್ ಮಾತ್ರ ನೋಡಿದ ಕೂಡಲೇ ಗುರುತು ಸಿಗುವಂಥದ್ದು. ಒಸಡು, ಅಂಗುಳ, ತುಟಿಯ ಮೇಲೆ ಹಿಪ್ಪುನೇರಳೆ ಹಣ್ಣಿನ ಮೈಯಂತೆ ಹರಳುಹರಳಾದ ಹುಣ್ಣು, ಅದರ ತುಂಬ ಸೂಜಿಮೊನೆಯಷ್ಟು ರಕ್ತದ ಚುಕ್ಕೆ. ತುಟಿ ದಪ್ಪವಾಗಿ ಗಟ್ಟಿಯಾಗುವುದೂ ಉಂಟು. ಬ್ರೆಜಿಲ್‌ನಲ್ಲಿ 1908ರಲ್ಲಿ ಅಡಾಲ್ಫೋ ಲುಟ್ಜ್ ಈ ರೋಗವನ್ನು ಮೊದಲು ವಿವರಿಸಿದ್ದೂ ಬಾಯಿಯ ಗಾಯಗಳಿದ್ದ ರೋಗಿಗಳಲ್ಲೇ. ದೊಡ್ಡವರಲ್ಲಿ ಇದು ಹೆಚ್ಚಾಗಿ ಗಂಡಸರ, ಅದೂ ಹೊಲದಲ್ಲಿ ದುಡಿಯುವವರ ಕಾಯಿಲೆ. ಶಿಲೀಂಧ್ರ ಎಳೆರೂಪದಿಂದ ರೋಗ ತರುವ ದುಂಡುಕಣದ ಯೀಸ್ಟ್ ರೂಪಕ್ಕೆ ಬದಲಾಗುವುದನ್ನು ಹೆಣ್ಣಿನ ದೇಹದ ಈಸ್ಟ್ರೊಜನ್ ತಡೆಯುತ್ತದೆ.

ಬ್ಲಾಸ್ಟೋಮೈಸಿಸ್ ನರೂಲಿಯಂತೆ ಉಬ್ಬುತ್ತದೆ. ಕ್ರಿಪ್ಟೋಕಾಕಸ್ ಬಾಯಲ್ಲಿ ಅಪರೂಪ, ಗಂಟಾಗಿಯೋ ಹುಣ್ಣಾಗಿಯೋ ಬರಬಹುದು. ಟ್ಯಾಲರೋಮೈಸಿಸ್‌ನಲ್ಲಿ ಬಾಯಿಯ ಹುಣ್ಣಿನ ಜೊತೆ ಮುಖದ ಮೇಲೆ ನಡುವೆ ಕುಳಿಬಿದ್ದ ಸಣ್ಣ ಗುಳ್ಳೆಗಳಿದ್ದರೆ ಅನುಮಾನ ಬಲವಾಗುತ್ತದೆ.

ಆಸ್ಪರ್ಜಿಲಸ್ ಹೆಚ್ಚಾಗಿ ಬಿಳಿರಕ್ತಕಣ ನೆಲಕಚ್ಚಿದವರಲ್ಲಿ ಬರುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣ ಪ್ರತಿ ಮೈಕ್ರೋಲೀಟರಿಗೆ 500ಕ್ಕಿಂತ ಕಡಿಮೆಯಿರುವಾಗ ಒಸಡಿನ ಅಂಚು ನೇರಳೆ ಬಣ್ಣಕ್ಕೆ ತಿರುಗಿ, ಬೂದಿ ಬಣ್ಣದ ಸತ್ತ ಪದರ ಕಟ್ಟಿ, ಕೆಳಗಿನ ಮೂಳೆ ತೆರೆದುಕೊಳ್ಳುತ್ತದೆ. ಇಂಥವರಲ್ಲಿ ಕೀವು ಕಟ್ಟುವುದಿಲ್ಲ, ಊತವೂ ಹೆಚ್ಚಿರುವುದಿಲ್ಲ. ಕೀವು ಮಾಡುವ ಕಣಗಳೇ ಇಲ್ಲವಲ್ಲ. ಆದ್ದರಿಂದ ಕೀಮೋ ಪಡೆಯುತ್ತಿರುವವರಲ್ಲಿ "ಸ್ವಲ್ಪ ಒಸಡು ನೋವು" ಎಂಬ ದೂರನ್ನು ಆ ದಿನವೇ ಟಾರ್ಚ್ ಹಿಡಿದು ನೋಡಬೇಕು.

ಕಪ್ಪಾಗುವ ಮೊದಲೇ ಹಿಡಿಯುವುದು: ಮ್ಯೂಕರ್

ಕೊರೊನಾ ಕಾಲದಲ್ಲಿ, ಅದರಲ್ಲೂ 2021ರಲ್ಲಿ, ಕಪ್ಪು ಶಿಲೀಂಧ್ರ ಎಂಬ ಹೆಸರು ಮನೆಮಾತಾಯಿತು. ಹೆಸರು ಒಂದು ರೀತಿಯಲ್ಲಿ ಕೆಡುಕನ್ನೇ ಮಾಡಿತು. ಶಿಲೀಂಧ್ರ ಕಪ್ಪಲ್ಲ, ಅದು ರಕ್ತನಾಳ ಮುಚ್ಚಿ ಕೊಂದ ಅಂಗಾಂಶ ಕಪ್ಪು. ಹೆಸರು ಕೇಳಿದವರು ಕಪ್ಪಿಗೆ ಕಾಯುತ್ತಾರೆ.

ಕಾಣುವ ಕ್ರಮ ಬಹುಪಾಲು ಹೀಗಿರುತ್ತದೆ. ಮೊದಲು ಮುಖದ ಒಂದು ಬದಿಯ ನೋವು, ಮೂಗು ಕಟ್ಟುವುದು, ತಲೆನೋವು. ಇದು ಸಾಮಾನ್ಯ ಸೈನಸ್‌ನಂತೆಯೇ, ಆದರೆ ನೋವು ಕಣ್ಣಿಗೆ ಕಾಣುವ ಊತಕ್ಕಿಂತ ಹೆಚ್ಚು. ನಂತರ ಕೆನ್ನೆ ಅಥವಾ ಅಂಗುಳದ ಜೋಮು. ಆಮೇಲೆ ಮೇಲಿನ ಹಲ್ಲುಗಳ ಅಲುಗಾಟ, ಒಸಡಿನ ತೂತು, ದುರ್ವಾಸನೆ. ಅಂಗುಳ ಮೊದಲು ಪೇಲವವಾಗಿ, ನಂತರ ನೀಲಿ ಮಿಶ್ರಿತ ಬೂದಿಯಾಗಿ, ಕೊನೆಗೆ ಕಪ್ಪಾಗುತ್ತದೆ. ಕೆಲವರಲ್ಲಿ ಕಪ್ಪಾಗುವುದೇ ಇಲ್ಲ, ಅಂಗುಳದ ಮೂಳೆ ಮಾತ್ರ ಸತ್ತು ಬಿಳಿಯಾಗಿ ತೆರೆದುಕೊಳ್ಳುತ್ತದೆ. ಬೂದಿ ಬಣ್ಣದ ಅಂಗುಳಕ್ಕೆ ಸೂಜಿ ಚುಚ್ಚಿ ರಕ್ತ ಬಾರದಿದ್ದರೆ ಅಲ್ಲಿ ರಕ್ತಸಂಚಾರವಿಲ್ಲ ಎಂದರ್ಥ.

ಇಲ್ಲಿ ಎರಡು ವಾರದ ನಿಯಮ ಅನ್ವಯವಾಗದು. ಅಪಾಯದ ಹಿನ್ನೆಲೆಯಿರುವವರಲ್ಲಿ ಜೋಮು, ಗುಂಪು ಅಲುಗಾಟ, ಬೂದಿ ಅಥವಾ ಕಪ್ಪು ಅಂಗುಳ, ಕಣ್ಣಿನ ಊತ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಇಎನ್‌ಟಿ ಮತ್ತು ಸ್ಕ್ಯಾನ್ ಇರುವ ಆಸ್ಪತ್ರೆಗೆ ಕಳಿಸಿ. ರಕ್ತದ ಕ್ಯಾನ್ಸರ್ ರೋಗಿಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಿಲೀಂಧ್ರ ಕೊಲ್ಲುವ ಔಷಧ ಆಂಫೊಟೆರಿಸಿನ್ ಶುರುಮಾಡುವುದು ಆರು ದಿನ ಅಥವಾ ಹೆಚ್ಚು ತಡವಾದಾಗ 12 ವಾರದೊಳಗಿನ ಸಾವು ಶೇಕಡ 49ರಿಂದ 83ಕ್ಕೆ ಏರಿತ್ತು. ಸಂಜೆ ಬಂದ ರೋಗಿಯನ್ನು "ಸೋಮವಾರ ಬನ್ನಿ" ಎನ್ನುವಾಗ ಈ ಎರಡು ಅಂಕಿ ನೆನಪಿರಲಿ.

ಮಾಡಬಾರದ್ದು: ಬಯಾಪ್ಸಿಯಿಲ್ಲದೆ ಆ ಬದಿಯ ಹಲ್ಲು ಕೀಳುವುದು, ಊತಕ್ಕೆಂದು ಸ್ಟೀರಾಯ್ಡ್ ಕೊಡುವುದು, ಕ್ಯಾಂಡಿಡಾಕ್ಕೆ ಕೊಡುವ ಫ್ಲುಕೊನಜೋಲ್ ಕೊಟ್ಟು ಕಾಯುವುದು. ಫ್ಲುಕೊನಜೋಲ್ ಮತ್ತು ವೊರಿಕೊನಜೋಲ್ ಎರಡೂ ಮ್ಯೂಕರ್ ಮೇಲೆ ಕೆಲಸ ಮಾಡುವುದಿಲ್ಲ.

ಮೂರನೇ ಹಂತ: ಎರಡು ಬಾಟಲಿಯ ಬಯಾಪ್ಸಿ

ಬಾಯಿಯಿಂದ ಹತ್ತಿಕಡ್ಡಿಯಲ್ಲಿ ಒರೆಸಿ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕಳಿಸಿದರೆ ಕ್ಯಾಂಡಿಡಾ ಬೆಳೆದ ವರದಿ ಬರುವ ಸಾಧ್ಯತೆ ಹೆಚ್ಚು. ಆರೋಗ್ಯವಂತರಲ್ಲೂ ಸುಮಾರು ಅರ್ಧದಷ್ಟು ಮಂದಿಯ ಬಾಯಲ್ಲಿ ಅದಿದೆ. ಆ ವರದಿ ನಂಬಿ ಆಳದ ಹುಣ್ಣಿಗೆ ಕ್ಯಾಂಡಿಡಾ ಔಷಧ ಕೊಡುವುದು ಪದೇ ಪದೇ ಆಗುವ ತಪ್ಪು. ಶಿಲೀಂಧ್ರ ಅಂಗಾಂಶದೊಳಗೆ ಇದೆಯೇ ಎಂಬುದು ಪ್ರಶ್ನೆ, ಅದಕ್ಕೆ ತುಂಡೇ ಬೇಕು.

ತುಂಡನ್ನು ಹುಣ್ಣಿನ ಅಂಚಿನಿಂದ, ಒಳ್ಳೆಯ ಮೈಯೂ ಸ್ವಲ್ಪ ಸೇರುವಂತೆ, ಆಳವಾಗಿ ತೆಗೆಯಿರಿ. ಮೇಲಿನ ಸತ್ತ ಪದರವನ್ನಷ್ಟೇ ಕೆರೆದು ಕಳಿಸಿದರೆ "ಕೊಳೆತ ಅಂಗಾಂಶ, ಅಭಿಪ್ರಾಯ ಕಷ್ಟ" ಎಂಬ ಸಾಲು ವಾಪಸು ಬರುತ್ತದೆ, ಮೂರು ದಿನ ಹೋಗಿರುತ್ತದೆ. ಮ್ಯೂಕರ್ ಅನುಮಾನವಿದ್ದರೆ ಮೂಳೆಯ ಚೂರೂ ಇರಲಿ. ನ್ಯೂಟ್ರೋಫಿಲ್ ಕಡಿಮೆಯಿರುವವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕೂಡ ಹೆಚ್ಚಾಗಿ ಕಡಿಮೆಯಿರುತ್ತದೆ, ಕತ್ತಿ ಹಿಡಿಯುವ ಮೊದಲು ಆ ಅಂಕಿ ನೋಡಿಕೊಳ್ಳಿ.

ತೆಗೆದದ್ದನ್ನು ಎರಡು ಭಾಗ ಮಾಡಿ. ಒಂದು ಭಾಗ ಶೇಕಡ 10ರ ಫಾರ್ಮಲಿನ್‌ಗೆ, ಸೂಕ್ಷ್ಮದರ್ಶಕ ಪರೀಕ್ಷೆಗಾಗಿ, ತುಂಡಿನ ಗಾತ್ರದ ಹತ್ತು ಪಟ್ಟು ದ್ರವವಿರಲಿ. ಇನ್ನೊಂದು ಭಾಗ ಸ್ಟೆರೈಲ್ ಸಲೈನ್‌ಗೆ, ಕಲ್ಚರ್‌ಗಾಗಿ. ಅವಸರದಲ್ಲಿ ಎರಡನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕಲ್ಚರ್ ಮುಗಿದಂತೆ, ಅದರಲ್ಲಿ ಯಾವ ಜೀವವೂ ಉಳಿಯದು. ಹೀಗಾಗಿ ಕೋಣೆಗೆ ಹೋಗುವ ಮೊದಲೇ ಎರಡೂ ಬಾಟಲಿಗೆ ಚೀಟಿ ಅಂಟಿಸಿಟ್ಟುಕೊಳ್ಳಿ. ಸಲೈನ್ ಬಾಟಲಿಯ ಜೊತೆ ಹೋಗುವ ಕಾಗದದಲ್ಲಿ "ಮ್ಯೂಕರ್ ಅನುಮಾನ, ತುಂಡನ್ನು ಅರೆಯಬೇಡಿ, ಕತ್ತರಿಸಿ" ಎಂದು ಬರೆಯಿರಿ. ಮ್ಯೂಕರ್‌ನ ಎಳೆಗಳಿಗೆ ಅಡ್ಡಗೋಡೆ ಬಹಳ ಕಡಿಮೆ, ಅರೆದರೆ ಒಡೆದು ಸಾಯುತ್ತವೆ. ಹಿಸ್ಟೋಪ್ಲಾಸ್ಮಾ ಅನುಮಾನವಿದ್ದರೆ ಅದನ್ನೂ ಬರೆಯಿರಿ. ಅದರ ಕಲ್ಚರ್ ಪ್ರಯೋಗಾಲಯದವರಿಗೇ ಅಂಟಬಲ್ಲದು, ಬೆಳೆಯಲು ನಾಲ್ಕರಿಂದ ಆರು ವಾರವೂ ಬೇಕಾಗಬಹುದು. ಬೇಗ ಕೈಬಿಟ್ಟರೆ ಸುಳ್ಳು ನೆಗೆಟಿವ್ ಬರುತ್ತದೆ.

ಅದೇ ದಿನದ ಉತ್ತರಕ್ಕೆ ಕೆಒಎಚ್ ಪರೀಕ್ಷೆ ಕೇಳಿ. ಸಣ್ಣ ಚೂರನ್ನು ಶೇಕಡ 10ರಿಂದ 20ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ ನೋಡುವುದು ಇದು. ರಿಬ್ಬನ್ನಿನಂತೆ ಅಗಲವಾದ, 6ರಿಂದ 25 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪದ, ಹೆಚ್ಚುಕಡಿಮೆ ಲಂಬಕೋನದಲ್ಲಿ ಕವಲೊಡೆದ ಎಳೆ ಕಂಡರೆ ಮ್ಯೂಕರ್. ತೆಳುವಾಗಿ ಒಂದೇ ಅಗಲದ, ಅಡ್ಡಗೋಡೆಯಿರುವ, 45 ಡಿಗ್ರಿಯಲ್ಲಿ ಕವಲೊಡೆದದ್ದು ಆಸ್ಪರ್ಜಿಲಸ್‌ನತ್ತ ಬೆರಳು ಮಾಡುತ್ತದೆ.

ತುಂಡನ್ನು ಪರೀಕ್ಷಿಸುವ ಪೆಥಾಲಜಿಸ್ಟ್‌ಗೆ ಶಿಲೀಂಧ್ರ ಎದ್ದುಕಾಣಿಸುವ ಪಿಎಎಸ್ ಮತ್ತು ಸಿಲ್ವರ್ ಬಣ್ಣಗಳನ್ನು ಹೆಸರಿಸಿಯೇ ಕೇಳಿ. ಸಾಮಾನ್ಯ ಬಣ್ಣದಲ್ಲಿ ಹಿಸ್ಟೋಪ್ಲಾಸ್ಮಾ ತಪ್ಪಿಹೋಗಬಹುದು. ಅದು 2ರಿಂದ 4 ಮೈಕ್ರಾನ್‌ನ ಚುಕ್ಕೆ, ರೋಗಾಣು ನುಂಗುವ ಮ್ಯಾಕ್ರೊಫೇಜ್ ಕಣದ ಹೊಟ್ಟೆಯೊಳಗೆ ಗುಂಪಾಗಿ ಕೂತಿರುತ್ತದೆ. ಲೀಶ್ಮೇನಿಯಾ ಪರಾವಲಂಬಿಯೂ ಹಾಗೇ ಕಾಣುತ್ತದೆ, ಆದರೆ ಅದು ಸಿಲ್ವರ್ ಬಣ್ಣ ಹಿಡಿಯದು. ಬ್ಲಾಸ್ಟೋಮೈಸಿಸ್ 8ರಿಂದ 15 ಮೈಕ್ರಾನ್, ದಪ್ಪ ಗೋಡೆ, ಮರಿ ಅಗಲ ಬುಡದಿಂದ ಮೊಳೆಯುತ್ತದೆ. ಪ್ಯಾರಾಕಾಕ್ಸಿಡಿಯಾಯ್ಡಿಸ್‌ನಲ್ಲಿ ತಾಯಿಕಣದ ಸುತ್ತ ಮರಿಗಳು ಹಡಗಿನ ಚುಕ್ಕಾಣಿ ಚಕ್ರದಂತೆ ನಿಲ್ಲುತ್ತವೆ. ಕ್ರಿಪ್ಟೋಕಾಕಸ್‌ನ ಸುತ್ತಲಿನ ಲೋಳೆಕೋಶ ಮ್ಯೂಸಿಕಾರ್ಮೈನ್ ಎಂಬ ಬಣ್ಣದಲ್ಲಿ ಕೆಂಪಾಗುತ್ತದೆ. ಬ್ಲಾಸ್ಟೋಮೈಸಿಸ್ ಮತ್ತು ಹಿಸ್ಟೋಪ್ಲಾಸ್ಮಾ ಎರಡರಲ್ಲೂ ಮೇಲಿನ ಚರ್ಮಪದರ ಕ್ಯಾನ್ಸರಿನಂತೆ ಕೆಳಗಿಳಿದು ಬೆಳೆಯಬಲ್ಲದು. ತುಂಡು ಆಳವಾಗಿರಬೇಕು ಎಂದದ್ದು ಇದಕ್ಕೂ ಸೇರಿಯೇ.

ನಾಲ್ಕನೇ ಹಂತ: ರಕ್ತ, ಮೂತ್ರ, ಸ್ಕ್ಯಾನ್

ರಕ್ತಕಣಗಳ ಪೂರ್ತಿ ಎಣಿಕೆ, ಸಕ್ಕರೆ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆ ಸರಾಸರಿ), ಕೀಟೋನ್, ಕಿಡ್ನಿಗಾಗಿ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಲಿವರ್ ಪರೀಕ್ಷೆ, ಎಚ್‌ಐವಿ ಇಷ್ಟು ಎಲ್ಲರಿಗೂ. ಹರಡಿದ ಹಿಸ್ಟೋಪ್ಲಾಸ್ಮಾಕ್ಕೆ ಮೂತ್ರದ ಆ್ಯಂಟಿಜನ್ ಪರೀಕ್ಷೆ (ಶಿಲೀಂಧ್ರದ ಅಂಶ ಹುಡುಕುವುದು) ಒಳ್ಳೆಯದು. ಜೊತೆಗೆ ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲನ್ನು ಬೆಳಗ್ಗೆ ನೋಡಿ. ಈ ಶಿಲೀಂಧ್ರ ಕಿಡ್ನಿಗಳ ಮೇಲಿರುವ ಎರಡೂ ಅಡ್ರಿನಲ್ ಗ್ರಂಥಿಗಳನ್ನು ಕೆಡಿಸಬಲ್ಲದು. ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿದ್ದರೆ, ಒಸಡಿನಲ್ಲಿ ಹೊಸದಾಗಿ ಕಂದುಬಣ್ಣ ಕಂಡಿದ್ದರೆ ಅನುಮಾನಪಡಿ.

ಶಿಲೀಂಧ್ರದ ಗೋಡೆಯ ಅಂಶವನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ ಎರಡು: ಗ್ಯಾಲಕ್ಟೊಮ್ಯಾನನ್ ಆಸ್ಪರ್ಜಿಲಸ್‌ಗೆ ಉಪಯುಕ್ತ. ಬೀಟಾ ಗ್ಲುಕಾನ್ ಹಲವು ಶಿಲೀಂಧ್ರಗಳಲ್ಲಿ ಏರುತ್ತದೆ. ಆದರೆ ಮ್ಯೂಕರ್‌ನಲ್ಲಿ ಎರಡೂ ನೆಗೆಟಿವ್ ಬರುತ್ತವೆ. ಅವು ನೆಗೆಟಿವ್ ಎಂದು ಮ್ಯೂಕರ್ ತಳ್ಳಿಹಾಕಿದರೆ ಪರೀಕ್ಷೆಯ ತಪ್ಪಲ್ಲ, ಓದಿದವರ ತಪ್ಪು. ಸಿಟಿ ಸ್ಕ್ಯಾನ್ ಮೂಳೆಯ ಕೊರೆತ ತೋರಿಸುತ್ತದೆ, ಎಂಆರ್‌ಐ ಕಣ್ಣಿನ ಗೂಡು ಮತ್ತು ಮಿದುಳಿನ ಕಡೆಗಿನ ಹರಡುವಿಕೆಯನ್ನು. ಆರಂಭದಲ್ಲಿ ಮೂಳೆ ಕೆಟ್ಟಿರದಿದ್ದರೂ ಸೋಂಕು ರಕ್ತನಾಳದ ಗುಂಟ ಮುಂದೆ ಸಾಗಿರಬಹುದು.

ಚಿಕಿತ್ಸೆಯಲ್ಲಿ ಎಡವುವ ಜಾಗಗಳು

ಬಾಯಿಯ ಸಾಮಾನ್ಯ ಕ್ಯಾಂಡಿಡಾಕ್ಕೆ ನಿಸ್ಟಾಟಿನ್ ದ್ರಾವಣ, ಪ್ರತಿ ಮಿಲಿಲೀಟರಿಗೆ 1 ಲಕ್ಷ ಯೂನಿಟ್ ಇರುವುದು, 4ರಿಂದ 6 ಮಿಲಿಲೀಟರ್ ದಿನಕ್ಕೆ ನಾಲ್ಕು ಬಾರಿ, 7ರಿಂದ 14 ದಿನ. ಬಾಯಿಗೆ ಹಾಕಿದ ಕೂಡಲೇ ನುಂಗಿದರೆ ಪ್ರಯೋಜನವಿಲ್ಲ. ಅದು ಕರುಳಿನಿಂದ ರಕ್ತಕ್ಕೆ ಹೋಗುವುದಿಲ್ಲ, ತಾಗಿದಲ್ಲಿ ಮಾತ್ರ ಕೆಲಸ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೂಡ ಬಳಸುತ್ತಿದ್ದರೆ ನಡುವೆ ಕನಿಷ್ಠ ಅರ್ಧ ಗಂಟೆ ಬಿಡಿ, ಒಂದನ್ನೊಂದು ನಿಷ್ಕ್ರಿಯಗೊಳಿಸುತ್ತವೆ. ದ್ರಾವಣದಲ್ಲಿ ಸಕ್ಕರೆ ಇರುವುದುಂಟು, ಬಾಯಿ ಒಣಗಿದವರ ಹಲ್ಲಿಗೆ ಅದು ಒಳ್ಳೆಯದಲ್ಲ. ಸೋಂಕು ಹೆಚ್ಚಿದ್ದರೆ ಫ್ಲುಕೊನಜೋಲ್ ದಿನಕ್ಕೆ 100ರಿಂದ 200 ಮಿಲಿಗ್ರಾಂ, 7ರಿಂದ 14 ದಿನ. ಅನ್ನನಾಳಕ್ಕಾದರೆ 200ರಿಂದ 400, 14ರಿಂದ 21 ದಿನ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಫ್ಲುಕೊನಜೋಲ್ ಅಷ್ಟೇ ಅಲ್ಲ, ಬಾಯಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ರಕ್ತಸ್ರಾವ ತರಬಲ್ಲದು. ಜೆಲ್ ತಾನೇ ಎಂದು ಯಾರೂ ಕೇಳುವುದಿಲ್ಲ, ನೀವು ಕೇಳಿ.

ಮ್ಯೂಕರ್‌ಗೆ ಲೈಪೊಸೋಮಲ್ ಆಂಫೊಟೆರಿಸಿನ್ ಮೊದಲ ದಿನದಿಂದಲೇ ಪೂರ್ತಿ ಪ್ರಮಾಣದಲ್ಲಿ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 5ರಿಂದ 10 ಮಿಲಿಗ್ರಾಂ. ಮೆಲ್ಲಮೆಲ್ಲನೆ ಏರಿಸುವ ಹಳೆಯ ಪದ್ಧತಿ ಬೇಡ. ಅದನ್ನು ಶೇಕಡ 5ರ ಡೆಕ್ಸ್‌ಟ್ರೋಸ್‌ನಲ್ಲೇ (ಸಕ್ಕರೆ ದ್ರಾವಣ) ಬೆರೆಸಬೇಕು, ಸಲೈನ್‌ನಲ್ಲಿ ಬೆರೆಸಿದರೆ ಔಷಧ ಗಸಿ ಕಟ್ಟುತ್ತದೆ. ಅದೇ ನಳಿಕೆಯಲ್ಲಿ ಮೊದಲು ಸಲೈನ್ ಹೋಗಿದ್ದರೆ ಡೆಕ್ಸ್‌ಟ್ರೋಸ್‌ನಿಂದ ತೊಳೆದು ಹಾಕಿ. ಸಕ್ಕರೆ ಕಾಯಿಲೆಯವರಿಗೆ ಡೆಕ್ಸ್‌ಟ್ರೋಸ್ ಯಾಕೆ ಎಂದು ಮನೆಯವರು ಗಾಬರಿಯಾಗುತ್ತಾರೆ, ಇನ್ಸುಲಿನ್‌ನಿಂದ ಸರಿದೂಗಿಸುತ್ತೇವೆಂದು ಮೊದಲೇ ಹೇಳಿಬಿಡಿ. ಕಿಡ್ನಿ, ಪೊಟ್ಯಾಸಿಯಂ, ಮೆಗ್ನೀಸಿಯಂ ಆಗಾಗ ನೋಡಬೇಕು. ಔಷಧದಷ್ಟೇ ಮುಖ್ಯ ಸತ್ತ ಅಂಗಾಂಶ ಕತ್ತರಿಸಿ ತೆಗೆಯುವುದು. ರಕ್ತನಾಳ ಮುಚ್ಚಿದ ಜಾಗಕ್ಕೆ ರಕ್ತದಲ್ಲಿ ಹೋಗುವ ಔಷಧ ತಲುಪುವುದಾದರೂ ಹೇಗೆ? ಮುಂದಿನ ಹಂತದಲ್ಲಿ ಪೋಸಕೊನಜೋಲ್ ಅಥವಾ ಐಸವುಕೊನಜೋಲ್ ಮಾತ್ರೆ. ಆಸ್ಪರ್ಜಿಲಸ್‌ಗೆ ಮಾತ್ರ ವೊರಿಕೊನಜೋಲ್ ಮೊದಲ ಆಯ್ಕೆಗಳಲ್ಲೊಂದು. ಎರಡರ ನಡುವಿನ ಗುರುತು ಸರಿಯಿರಬೇಕಾದದ್ದು ಇದಕ್ಕಾಗಿಯೇ.

ಹರಡಿದ ಹಿಸ್ಟೋಪ್ಲಾಸ್ಮಾ ತೀವ್ರವಾಗಿದ್ದರೆ ಒಂದೆರಡು ವಾರ ಆಂಫೊಟೆರಿಸಿನ್, ನಂತರ ಇಟ್ರಾಕೊನಜೋಲ್. ಸೌಮ್ಯವಾಗಿದ್ದರೆ ಮೊದಲೇ ಇಟ್ರಾಕೊನಜೋಲ್ 200 ಮಿಲಿಗ್ರಾಂ ಮೂರು ದಿನ ದಿನಕ್ಕೆ ಮೂರು ಸಲ, ಆಮೇಲೆ ದಿನಕ್ಕೆರಡು ಸಲ, ಕನಿಷ್ಠ 12 ತಿಂಗಳು. ಸಾಮಾನ್ಯ ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಬೇಕು, ದ್ರಾವಣರೂಪದ್ದನ್ನು ಖಾಲಿ ಹೊಟ್ಟೆಯಲ್ಲಿ. ಇದು ಅದಲುಬದಲಾಗುವುದು ಬಹಳ. ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ ಜೊತೆಗಿದ್ದರೆ ಕ್ಯಾಪ್ಸೂಲ್ ಸರಿಯಾಗಿ ಹೀರಿಕೆಯಾಗದೆ ಹುಣ್ಣು ಮಾಯುವುದಿಲ್ಲ, ಎಲ್ಲರೂ ಶಿಲೀಂಧ್ರ ಬಗ್ಗಲಿಲ್ಲ ಎಂದುಕೊಳ್ಳುತ್ತಾರೆ. ಎರಡು ವಾರದ ನಂತರ ರಕ್ತದಲ್ಲಿ ಔಷಧದ ಮಟ್ಟ ನೋಡಿ. ಹೃದಯ ವೈಫಲ್ಯವಿರುವವರಿಗೂ, ಕೊಲೆಸ್ಟರಾಲಿಗೆ ಸಿಮ್ವಸ್ಟಾಟಿನ್ ನುಂಗುವವರಿಗೂ ಇಟ್ರಾಕೊನಜೋಲ್ ಸಲ್ಲದು. ಹುಣ್ಣು ಕೆಲವು ವಾರಗಳಲ್ಲೇ ಮಾಯುತ್ತದೆ, ಆಗ ಮಾತ್ರೆ ನಿಲ್ಲಿಸುವವರು ಹೆಚ್ಚು. ಬಾಯಿ ಮಾಯಿದರೂ ಅಡ್ರಿನಲ್‌ನಲ್ಲಿ, ಮೂಳೆಮಜ್ಜೆಯಲ್ಲಿ ಉಳಿದದ್ದು ಮತ್ತೆ ಏಳುತ್ತದೆ.

ಮ್ಯೂಕರ್‌ಗಾಗಿ ಅಂಗುಳ ತೆಗೆದವರಿಗೆ ತೂತು ಮುಚ್ಚಲು ಆಬ್ಟುರೇಟರ್ ಎಂಬ ಅಚ್ಚು ಕೊಡುತ್ತಾರೆ. ಅದಿಲ್ಲದೆ ಕುಡಿದ ನೀರು ಮೂಗಿನಿಂದ ಬರುತ್ತದೆ, ಮಾತು ತಿಳಿಯುವುದಿಲ್ಲ. ದಿನವೂ ತೆಗೆದು ಮೆದು ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಲೋಹದ ಕೊಕ್ಕೆಯಿರುವ ಅಚ್ಚನ್ನು ಹೈಪೋಕ್ಲೋರೈಟ್‌ನಲ್ಲಿ ನೆನೆಸಿದರೆ ಲೋಹ ತುಕ್ಕು ಹಿಡಿಯುತ್ತದೆ. ಅಂಥದ್ದಕ್ಕೆ ಕ್ಲೋರ್‌ಹೆಕ್ಸಿಡಿನ್ ಬಳಸಿ. ರಾತ್ರಿ ತೆಗೆದಿಡಬಹುದೇ ಎಂಬುದನ್ನು ಗಾಯದ ಸ್ಥಿತಿ ನೋಡಿ ತಜ್ಞರು ಹೇಳುತ್ತಾರೆ. ಪ್ರತಿ ಭೇಟಿಯಲ್ಲೂ ಅಚ್ಚು ತೆಗೆಸಿ ಒಳಗಿನ ಗೋಡೆ ನೋಡಿ. ಹೊಸ ಬೂದಿ ಬಣ್ಣ ಕಂಡರೆ ಮತ್ತೆ ಬಯಾಪ್ಸಿ. ಅಚ್ಚಿನ ಆಕಾರಕ್ಕೆ ಸರಿಯಾಗಿ ಕೆಂಪಾಗಿದ್ದರೆ ಅದು ಕ್ಯಾಂಡಿಡಾ, ಅಚ್ಚಿಗೂ ಬಾಯಿಗೂ ಒಟ್ಟಿಗೆ ಚಿಕಿತ್ಸೆ ಮಾಡಿ, ಸಕ್ಕರೆಯನ್ನು ಇನ್ನೊಮ್ಮೆ ನೋಡಿ.